ಹಲವು ನಿಬಂಧನೆಗಳ ಎಣಿಕೆ

ಲೆಕ್ಕವನ್ನು ಬರೆದಿಡುವುದು ಒಂದು ವಿದ್ಯೆ. ಬರೆದಿಟ್ಟ ಲೆಕ್ಕವನ್ನು ಪ್ರಶ್ನಿಸಿ ಉತ್ತರವನ್ನು ಪಡೆಯುವುದು ಇನ್ನೊಂದು ವಿದ್ಯೆ. ಮೊದಲನೆಯದು ನಮ್ಮ ಗೃಹಸ್ಥರಲ್ಲಿ ಬಹುಮಂದಿಗೆ ಉಂಟು, ಎರಡನೆಯದು ವಿರಳ. 1979ರಲ್ಲಿ ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು ವಿಸಿಕ್ಯಾಲ್ಕ್ ಎಂಬ ಹೆಸರಿನಿಂದ ಹೊರತಂದ ಲೆಕ್ಕದ ಹಾಳೆಯ ಸಂತತಿಯು ಇಂದು ಎಕ್ಸೆಲ್, ಗೂಗಲ್ ಶೀಟ್ಸ್ ಮೊದಲಾದ ರೂಪಗಳಲ್ಲಿ ನಮ್ಮ ಮನೆಗಳನ್ನು ಹೊಕ್ಕಿದೆ. ಆ ಹಾಳೆಯನ್ನು ಪ್ರಶ್ನಿಸುವ ಒಂದು ಕ್ರಮವನ್ನು ಇಲ್ಲಿ ವಿವರಿಸುವೆನು.

ಮನೆಯ ಹಿರಿಯರೊಬ್ಬರಿಗೆ ಮಧುಮೇಹವಿದೆ ಎಂದಿಟ್ಟುಕೊಳ್ಳೋಣ. ದಿನಕ್ಕೆರಡು ಬಾರಿ ರಕ್ತದ ಸಕ್ಕರೆಯನ್ನು ಅಳೆದು, 30 ದಿನಗಳಲ್ಲಿ 60 ಸಾಲುಗಳನ್ನು ಬರೆದಿರುವರು. ‘ಎ’ ಸ್ತಂಭದಲ್ಲಿ ದಿನಾಂಕ, ‘ಬಿ’ಯಲ್ಲಿ ಹೊತ್ತು, ‘ಸಿ’ಯಲ್ಲಿ ಅಳತೆ, ‘ಡಿ’ಯಲ್ಲಿ ಹಿಂದಿನ ಹೊತ್ತಿನ ಮಾತ್ರೆಯನ್ನು ಸೇವಿಸಿದರೆ ‘ಹೌದು’, ಮರೆತಿದ್ದರೆ ‘ಇಲ್ಲ’. ವೈದ್ಯರು ಬೆಳಗಿನ ಅಳತೆಗೆ ಇಟ್ಟ ಮೇಲ್ಮಿತಿಯು 130. ಅವರು ಕೇಳುವ ಪ್ರಶ್ನೆ ಇದು: ಮಾತ್ರೆಯನ್ನು ಸೇವಿಸಿಯೂ ಎಷ್ಟು ದಿನ ಬೆಳಗಿನ ಅಳತೆಯು ಮಿತಿಯನ್ನು ಮೀರಿತು?

ಈ ಪ್ರಶ್ನೆಯಲ್ಲಿ ಮೂರು ನಿಬಂಧನೆಗಳಿವೆ. ಮೂರೂ ಒಂದೇ ಸಾಲಿನಲ್ಲಿ ಕೂಡಿರತಕ್ಕದ್ದು. ಎಕ್ಸೆಲ್ಲಿನ 2007ರ ಆವೃತ್ತಿಯಲ್ಲಿ ಇದಕ್ಕೆಂದೇ ಕೌಂಟ್‌ಇಫ್ಸ್ ಎಂಬ ಸೂತ್ರವು ಬಂದಿತು. ಸ್ತಂಭವೊಂದು, ಅದರ ನಿಬಂಧನೆಯೊಂದು, ಹೀಗೆ ಜೋಡಿಜೋಡಿಯಾಗಿ ಬರೆಯುವುದೇ ಅದರ ಕ್ರಮ:

=ಕೌಂಟ್‌ಇಫ್ಸ್(ಬಿ2:ಬಿ61,"ಬೆಳಿಗ್ಗೆ",ಸಿ2:ಸಿ61,">130",ಡಿ2:ಡಿ61,"ಹೌದು")

ಹಾಳೆಯಲ್ಲಿ ಸೂತ್ರದ ಹೆಸರನ್ನೂ ಸ್ತಂಭಗಳ ಅಕ್ಷರಗಳನ್ನೂ ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯಬೇಕು. ಉತ್ತರವು 3 ಎಂದು ಬಂದಿತೆನ್ನಿ. ಆದರೆ ಎಷ್ಟರಲ್ಲಿ ಮೂರು? ಅಳತೆಯ ನಿಬಂಧನೆಯನ್ನು ತೆಗೆದು ಎಣಿಸಿದರೆ, ಮಾತ್ರೆ ಸೇವಿಸಿದ ಬೆಳಗುಗಳು 21 ಎಂದು ತಿಳಿಯುವುದು. ‘ಹೌದು’ ಇದ್ದೆಡೆ ‘ಇಲ್ಲ’ ಎಂದಿಟ್ಟು ಎಣಿಸಿದರೆ, ಮರೆತ 9 ಬೆಳಗುಗಳಲ್ಲಿ 8 ಮಿತಿಮೀರಿದವು ಎಂದು ಕಾಣುವುದು. ಒಟ್ಟು 11 ದಿನ ಮಿತಿ ಮೀರಿತೆಂದಷ್ಟೇ ಹೇಳಿದ್ದರೆ ವೈದ್ಯರು ಔಷಧವನ್ನು ಹೆಚ್ಚಿಸುವ ಯೋಚನೆಗೆ ಹೋಗಬಹುದಾಗಿತ್ತು. ಈ ಎಣಿಕೆಯಾದರೋ, ಕೊರತೆಯು ಔಷಧದಲ್ಲಲ್ಲ, ಅದನ್ನು ನೆನಪಿಸಿ ಕೊಡುವ ಕೈಗಳಲ್ಲಿರಬಹುದೆಂದು ಸೂಚಿಸುತ್ತದೆ. ನಿರ್ಣಯವು ವೈದ್ಯರದೇ, ಅದಕ್ಕೆ ಬೇಕಾದ ಸಾಕ್ಷ್ಯವನ್ನು ಒದಗಿಸುವುದು ಮನೆಯವರ ಕೆಲಸ.

ಸಂಸ್ಕೃತದಲ್ಲಿ ‘ಚ’ ಎಂಬುದು ಸಮುಚ್ಚಯವನ್ನೂ ‘ವಾ’ ಎಂಬುದು ವಿಕಲ್ಪವನ್ನೂ ಹೇಳುತ್ತವೆ. ಕೌಂಟ್‌ಇಫ್ಸ್ ಸೂತ್ರವು ಕೇವಲ ‘ಚ’ಕಾರವನ್ನು ಬಲ್ಲದು. ಅಳತೆ ಮೀರಿದ ಅಥವಾ ಮಾತ್ರೆ ಮರೆತ ಬೆಳಗುಗಳೆಷ್ಟು ಎಂದು ಕೇಳಬೇಕಾದಲ್ಲಿ, ಎರಡನ್ನೂ ಒಂದೇ ಸೂತ್ರದಲ್ಲಿಟ್ಟರೆ 8 ಮಾತ್ರ ಬರುವುದು. ಬೇರೆ ಬೇರೆ ಎಣಿಸಿ 11ನ್ನೂ 9ನ್ನೂ ಕೂಡಿಸಿದರೆ 20 ಆಗುವುದು. ಎರಡೂ ಸರಿಯಲ್ಲ. ಉಭಯಕ್ಕೂ ಸೇರಿದ 8 ಬೆಳಗುಗಳು ಎರಡು ಸಾರಿ ಎಣಿಕೆಗೆ ಬಂದಿರುವುದರಿಂದ ಒಂದು ಸಾರಿ ಕಳೆಯಬೇಕು. ಆಗ ನಿಜವಾದ ಉತ್ತರವಾದ 12 ದೊರೆಯುತ್ತದೆ. 70ಕ್ಕೆ ಕಡಮೆಯಿಲ್ಲದೆ 130ಕ್ಕೆ ಮೀರದೆ ಇರುವ ಅಳತೆಗಳನ್ನು ಎಣಿಸಲು ಮಾತ್ರ ‘ಚ’ಕಾರವೇ ಸಾಕು; ‘ಸಿ’ ಸ್ತಂಭವನ್ನೇ ಎರಡು ಸಾರಿ ಹೆಸರಿಸಿ, ಒಮ್ಮೆ ">=70" ಎಂದೂ ಇನ್ನೊಮ್ಮೆ "<=130" ಎಂದೂ ಬರೆಯುವುದು.

ಇನ್ನು ಎಚ್ಚರದ ಮಾತುಗಳು. ಯಂತ್ರವು ಅಕ್ಷರವನ್ನು ನೋಡುವುದೇ ಹೊರತು ಅಭಿಪ್ರಾಯವನ್ನಲ್ಲ. ‘ಬೆಳಿಗ್ಗೆ’, ‘ಬೆಳಗ್ಗೆ’ ಎರಡೂ ನಮಗೆ ಒಂದೇ. ಯಂತ್ರಕ್ಕೆ ಬೇರೆ ಬೇರೆ. ‘ಹೌದು’ ಎಂಬುದರ ಮುಂದೆ ಕಣ್ಣಿಗೆ ಕಾಣದ ತೆರಪೊಂದು ಉಳಿದರೂ ಆ ಸಾಲು ಎಣಿಕೆಯಿಂದ ಜಾರುವುದು. ‘142 ಮಿ.ಗ್ರಾಂ.’ ಎಂದು ಬರೆದರೆ ಅದು ಸಂಖ್ಯೆಯಾಗಿರದೆ ಮಾತಾಗುವುದು. 142 ಎಂದಷ್ಟೇ ಬರೆಯಿರಿ. ಸ್ತಂಭಗಳೆಲ್ಲ ಒಂದೇ ಉದ್ದವಾಗಿರಬೇಕು; ಬಿ2:ಬಿ61ರ ಜೊತೆಗೆ ಸಿ2:ಸಿ60 ಎಂದಿಟ್ಟರೆ ಎಣಿಕೆಗೆ ಬದಲಾಗಿ ದೋಷದ ಗುರುತು ಬರುವುದು. ಮರೆತ ದಿನಗಳನ್ನು ಎಣಿಸಲು "<>ಹೌದು", ಅಂದರೆ ‘ಹೌದಲ್ಲದ್ದು’, ಎಂದು ಬರೆದರೆ ಏನನ್ನೂ ಬರೆಯದ ಖಾಲಿ ಮನೆಗಳೂ ಸೇರಿಹೋಗುತ್ತವೆ. ತಿಳಿಯದಿರುವುದು ಬೇರೆ, ಇಲ್ಲದಿರುವುದು ಬೇರೆ.

ಆದುದರಿಂದ ಬಂದ ಉತ್ತರವನ್ನು ಪರೀಕ್ಷಿಸಿಯೇ ನಂಬತಕ್ಕದ್ದು. ‘ಹೌದು’, ‘ಇಲ್ಲ’, ಖಾಲಿ, ಈ ಮೂರನ್ನೂ ಬೇರೆ ಬೇರೆ ಎಣಿಸಿ ಕೂಡಿಸಿದರೆ 60 ಆಗಬೇಕು. ಆಗದಿದ್ದರೆ ಎಲ್ಲಿಯೋ ಬರೆವಣಿಗೆ ಕೆಟ್ಟಿದೆ ಎಂದರ್ಥ. ಮೊದಲ ಹತ್ತು ಸಾಲುಗಳನ್ನು ಬೆರಳಿನಿಂದ ಎಣಿಸಿ ಸೂತ್ರದೊಡನೆ ತಾಳೆನೋಡುವುದೂ ಒಳ್ಳೆಯ ಅಭ್ಯಾಸ. ಎಣಿಸುವ ಶ್ರಮವನ್ನು ಯಂತ್ರವು ಹೊತ್ತುಕೊಳ್ಳುವುದು. ಏನನ್ನು ಎಣಿಸಬೇಕೆಂಬ ವಿವೇಕವು ಮನೆಯವರಲ್ಲಿಯೇ ಇರಬೇಕು.