ಅದು, ಅವನು, ಅವಳು: ಸಾಕುಪ್ರಾಣಿಗಳನ್ನು ಕುರಿತ ಮನೆಯ ಕಥನಗಳು

1. ಪ್ರವೇಶ

ಹಸು, ಎಮ್ಮೆ, ನಾಯಿ, ಬೆಕ್ಕು, ಕೋಳಿಗಳನ್ನು ಸಾಕಿದ ಪ್ರತಿಯೊಂದು ಮನೆಯಲ್ಲಿಯೂ ಅವುಗಳನ್ನು ಕುರಿತ ಕೆಲವು ಕಥೆಗಳಿರುತ್ತವೆ. ಮಾರಿದ ಹಸು ಮೂರನೆಯ ದಿನ ಹಗ್ಗ ಹರಿದುಕೊಂಡು ಹಳೆಯ ಕೊಟ್ಟಿಗೆಯ ಮುಂದೆ ಬಂದು ನಿಂತದ್ದು, ಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬಂದ ಬೆಕ್ಕು ಬಿಟ್ಟವನಿಗಿಂತ ಮೊದಲೇ ಮನೆ ಸೇರಿದ್ದು, ಯಜಮಾನ ತೀರಿಕೊಂಡ ದಿನ ನಾಯಿ ಅನ್ನ ಮುಟ್ಟದೆ ಜಗಲಿಯ ಮೂಲೆ ಹಿಡಿದದ್ದು ಇಂತಹವು. ನೆಂಟರು ಬಂದಾಗ, ಕರೆಂಟು ಹೋದ ರಾತ್ರಿಗಳಲ್ಲಿ, ನೆರೆಮನೆಯವರ ಪ್ರಾಣಿ ಸತ್ತ ಸುದ್ದಿ ತಿಳಿದಾಗ ಇವು ಮತ್ತೆ ಮತ್ತೆ ಹೇಳಲ್ಪಡುತ್ತವೆ. ಒಬ್ಬರು ಒಂದನ್ನು ಹೇಳಿದೊಡನೆ ಕೇಳಿದವರು ತಮ್ಮ ಮನೆಯದೊಂದನ್ನು ಹೇಳುತ್ತಾರೆ. ಹೀಗೆ ಕಥೆಗೆ ಕಥೆ ಕೂಡಿಕೊಂಡು ಹೋಗುತ್ತದೆ.

ಕನ್ನಡ ಜಾನಪದ ಅಧ್ಯಯನದಲ್ಲಿ ‘ಪ್ರಾಣಿಕಥೆ’ ಎಂದಾಗ ನೆನಪಾಗುವುದು ನರಿ, ಹುಲಿ, ಮೊಲಗಳು ಮಾತನಾಡುವ ಕಥೆಗಳು. ಕೊಟ್ಟಿಗೆಯ ಹಸುವನ್ನು ಕುರಿತ ಮಾತು ಅಲ್ಲಿ ಕಥೆಯಾಗಿ ಪರಿಗಣಿತವಾಗುವುದಿಲ್ಲ. ಅದು ಹರಟೆಯಾಗಿ, ಖಾಸಗಿ ನೆನಪಾಗಿ ಹೊರಗುಳಿಯುತ್ತದೆ. ಇಂತಹ ಕಥನಗಳಿಗೂ ತಮ್ಮದೇ ಆದ ಬಂಧ ಮತ್ತು ಭಾಷಾಲಕ್ಷಣಗಳಿವೆ ಎಂಬುದನ್ನೂ, ಒಂದು ಪ್ರಾಣಿಯ ಮೇಲಿನ ಅಕ್ಕರೆಯನ್ನು ಲೋಕದ ಮುಂದೆ ಹೇಳಿ ದಾಖಲಿಸುವ ಅವಕಾಶ ಎಲ್ಲರಿಗೂ ಸಮನಾಗಿ ದೊರೆತಿಲ್ಲ ಎಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪ್ರಕಾರದ ಸ್ವರೂಪ

ಸ್ವೀಡನ್ನಿನ ಜಾನಪದ ವಿದ್ವಾಂಸ ಸಿ. ಡಬ್ಲ್ಯು. ಫಾನ್ ಸಿಡೋ 1934ರಲ್ಲಿ ವ್ಯಕ್ತಿಯ ಸ್ವಂತ ಅನುಭವದ ನಿರೂಪಣೆಯನ್ನು ‘ಮೆಮೊರೇಟ್’ ಎಂದು ಕರೆದು, ಪರಂಪರೆಯಿಂದ ಬಂದ ಐತಿಹ್ಯಗಳಿಂದ ಅದನ್ನು ಬೇರ್ಪಡಿಸಿದನು. ಸಾಕುಪ್ರಾಣಿಗಳ ಕಥನಗಳು ಮೇಲುನೋಟಕ್ಕೆ ಈ ಅನುಭವಕಥನದ ಗುಂಪಿಗೆ ಸೇರುತ್ತವೆ. ಆದರೆ ಅನುಭವ ಸ್ವಂತದ್ದಾದರೂ ಹೇಳುವ ಕ್ರಮ ಸ್ವಂತದ್ದಲ್ಲ. ಪ್ರಾಣಿ ಮನೆಗೆ ಬಂದ ಬಗೆ, ಅದಕ್ಕೆ ಹೆಸರಿಟ್ಟ ಸಂದರ್ಭ, ಅದರ ಚೇಷ್ಟೆ, ಅದರ ತಿಳಿವಳಿಕೆಗೆ ಸಾಕ್ಷಿಯಾದ ಒಂದು ಘಟನೆ, ಕೊನೆಗೆ ಅಗಲಿಕೆ ಎಂಬ ಐದು ಹಂತಗಳು ಪೂರ್ಣಪ್ರಮಾಣದ ಕಥನದಲ್ಲಿ ಸಾಮಾನ್ಯವಾಗಿ ಇದೇ ಅನುಕ್ರಮದಲ್ಲಿ ಬರುತ್ತವೆ.

ಮೌಖಿಕ ಪರಂಪರೆಯ ಕಥನಗಳಲ್ಲಿರುವಂತೆ ಇಲ್ಲಿಯೂ ಸಿದ್ಧ ಮಾತುಗಳಿವೆ. ಘಟನೆ ತುದಿ ಮುಟ್ಟಿದಾಗ ‘ಮಾತೊಂದು ಬರುವುದಿಲ್ಲ, ಅಷ್ಟೇ’ ಎಂಬ ಮಾತು ಬರುತ್ತದೆ. ಕಥನ ಮುಗಿಯುವಾಗ ‘ಅದರ ಋಣ ಅಷ್ಟೇ ಇತ್ತು’ ಎನ್ನುತ್ತಾರೆ. ಮೊದಲನೆಯದು ಮನುಷ್ಯನಿಗೂ ಪ್ರಾಣಿಗೂ ಇರುವ ಅಂತರವನ್ನು ಮಾತೊಂದಕ್ಕೆ ಇಳಿಸಿಬಿಡುತ್ತದೆ. ಎರಡನೆಯದು ಪ್ರಾಣಿಯ ಸಾವನ್ನು ಆಕಸ್ಮಿಕವೆಂದು ಬಿಡದೆ ಋಣಾನುಬಂಧದ ಲೆಕ್ಕಕ್ಕೆ ಸೇರಿಸುತ್ತದೆ. ಹೆಂಡತಿ, ಮಕ್ಕಳು, ಹಸುಗಳು ಋಣದಿಂದ ಬರುತ್ತವೆ ಎಂಬ ಲೋಕರೂಢಿಯ ನಂಬಿಕೆ ಇಲ್ಲಿ ಕಥನದ ಮುಕ್ತಾಯ ಸೂತ್ರವಾಗಿ ಕೆಲಸ ಮಾಡುತ್ತದೆ.

ಎ. ಕೆ. ರಾಮಾನುಜನ್ ಕನ್ನಡ ಜಾನಪದದ ಎರಡು ಲೋಕಗಳನ್ನು ಕುರಿತ 1986ರ ಪ್ರಬಂಧದಲ್ಲಿ ತಮಿಳು ಕಾವ್ಯಮೀಮಾಂಸೆಯ ‘ಅಗಂ’ ಮತ್ತು ‘ಪುರಂ’ ಎಂಬ ಪರಿಕಲ್ಪನೆಗಳನ್ನು ಬಳಸಿಕೊಂಡರು. ಅಡುಗೆಮನೆಯಲ್ಲಿ ಅಜ್ಜಿ ಹೇಳುವ ಕಥೆಗಳು ಒಳಲೋಕದವು. ಅಲ್ಲಿನ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ವೃತ್ತಿಗಾಯಕರು ಸಾರ್ವಜನಿಕವಾಗಿ ಹೇಳುವ ಕಥನಗಳು ಹೊರಲೋಕದವು. ಅಲ್ಲಿ ಪಾತ್ರಗಳಿಗೂ ಊರುಗಳಿಗೂ ಹೆಸರುಗಳಿರುತ್ತವೆ. ಸಾಕುಪ್ರಾಣಿಯ ಕಥನ ಈ ವಿಭಜನೆಗೆ ಸುಲಭವಾಗಿ ಒಗ್ಗುವುದಿಲ್ಲ. ಅದು ಹುಟ್ಟುವುದು ಮನೆಯೊಳಗೆ. ಆದರೆ ಹೆಸರಿಲ್ಲದೆ ಅದು ಒಂದು ಹೆಜ್ಜೆಯನ್ನೂ ಇಡಲಾರದು. ‘ಒಂದೂರಲ್ಲಿ ಒಬ್ಬ ರಾಜನಿದ್ದ’ ಎಂದು ಅಜ್ಜಿಯ ಕಥೆ ಆರಂಭವಾಗಬಹುದು. ‘ನಮ್ಮ ಮನೆಯಲ್ಲಿ ಒಂದು ಹಸು ಇತ್ತು’ ಎಂದವರು ಮರುಮಾತಿನಲ್ಲೇ ಅದರ ಹೆಸರು ಹೇಳಬೇಕಾಗುತ್ತದೆ. ಮಂದೆಯಿಂದ, ಜಾತಿಯಿಂದ ಒಂದು ಜೀವವನ್ನು ಬೇರ್ಪಡಿಸುವುದು ಹೆಸರೇ. ಕನ್ನಡದಲ್ಲಿ ‘ನಾಯಿ’ ಎಂಬುದು ಬೈಗುಳ. ಹೆಸರಿಟ್ಟು ಕರೆದ ನಾಯಿ ಆ ಬೈಗುಳದಿಂದ ಪಾರಾಗುತ್ತದೆ. ಗೋವಿನ ಹಾಡಿನ ಪುಣ್ಯಕೋಟಿಯನ್ನೂ ಹೀಗೆ ನೋಡಬಹುದು. ಸತ್ಯವಾಕ್ಯದ ಪರೀಕ್ಷೆಗೆ ಮೊದಲು ಅವಳು ಗೊಲ್ಲನಿಂದ ಹೆಸರು ಹಿಡಿದು ಕರೆಯಿಸಿಕೊಂಡ ಹಸು.

3. ವ್ಯಾಕರಣದ ಉಲ್ಲಂಘನೆ

ಈ ಕಥನಗಳ ಅತ್ಯಂತ ಗಮನಾರ್ಹ ಲಕ್ಷಣವಿರುವುದು ಲಿಂಗಪ್ರಯೋಗದಲ್ಲಿ. ಕನ್ನಡದ ಲಿಂಗವ್ಯವಸ್ಥೆ ಮುಖ್ಯವಾಗಿ ಅರ್ಥವನ್ನು ಅನುಸರಿಸುವಂಥದು. ಮನುಷ್ಯರು ಮತ್ತು ದೇವತೆಗಳು ಪುಲ್ಲಿಂಗ, ಸ್ತ್ರೀಲಿಂಗಗಳಿಗೆ ಸೇರಿದರೆ ಪ್ರಾಣಿಗಳು ನಪುಂಸಕಕ್ಕೆ ಸೇರುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜನಿಂದ ಇಂದಿನ ಶಾಲಾ ವ್ಯಾಕರಣದವರೆಗೆ ಈ ತತ್ತ್ವ ಸ್ಥೂಲವಾಗಿ ಮುಂದುವರಿದು ಬಂದಿದೆ. ಹಸು ಹೆಣ್ಣೆಂಬುದು ಎಲ್ಲರಿಗೂ ತಿಳಿದಿದ್ದರೂ ವ್ಯಾಕರಣದಲ್ಲಿ ಅದು ‘ಬಂದಿತು’, ‘ಬಂದಳು’ ಅಲ್ಲ.

ಅಕ್ಕರೆಯ ಕಥನದಲ್ಲಿ ಈ ನಿಯಮ ಸಡಿಲುತ್ತದೆ. ‘ಒಂದು ನಾಯಿ ತಂದೆವು, ಅದು ಬಹಳ ಸಣ್ಣದಿತ್ತು’ ಎಂದು ಆರಂಭಿಸಿದ ನಿರೂಪಕಿ ಹೆಸರಿಟ್ಟ ಪ್ರಸಂಗ ದಾಟಿದ ಮೇಲೆ ‘ಅವನಿಗೆ ಮಳೆ ಎಂದರೆ ಭಯ’ ಎನ್ನುತ್ತಾಳೆ. ಕ್ರಿಯಾಪದಗಳೂ ಬದಲಾಗುತ್ತವೆ. ಪ್ರಾಣಿ ತಿನ್ನುತ್ತದೆ, ಮೇಯುತ್ತದೆ. ಕಥನದ ಪ್ರಾಣಿ ಊಟ ಮಾಡುತ್ತದೆ. ಹಸು ಗಬ್ಬವಾಗುತ್ತದೆ, ಕರು ಹಾಕುತ್ತದೆ. ಮನೆಯ ಗೌರಿ ಬಸುರಿಯಾಗುತ್ತಾಳೆ, ಹೆರುತ್ತಾಳೆ. ನಾಯಿ ಸಾಯುತ್ತದೆ, ಹೆಸರಿನ ನಾಯಿ ತೀರಿಕೊಳ್ಳುತ್ತದೆ ಅಥವಾ ಹೋಗಿಬಿಡುತ್ತದೆ. ನಗರಗಳ ಮನೆಗಳಲ್ಲಿ ಈ ಪ್ರವೃತ್ತಿ ಬಂಧುವಾಚಕಗಳಿಗೂ ವಿಸ್ತರಿಸಿದೆ. ನಾಯಿಯೊಡನೆ ಮಾತನಾಡುವಾಗ ಸಾಕಿದವರು ತಮ್ಮನ್ನು ‘ಅಮ್ಮ’, ‘ಅಪ್ಪ’ ಎಂದು ಕರೆದುಕೊಳ್ಳುವುದು ಇಂದು ಸಾಮಾನ್ಯ.

ಇಲ್ಲಿ ಒಂದು ಎಚ್ಚರ ಅಗತ್ಯ. ನಪುಂಸಕ ಪ್ರಯೋಗವೆಲ್ಲ ಅನಾದರದ ಸೂಚನೆಯಲ್ಲ. ಮಗು, ಕೂಸು ಎಂಬ ಪದಗಳು ಕನ್ನಡದಲ್ಲಿ ನಪುಂಸಕವೇ. ತಾಯಿ ತನ್ನ ಮಗುವನ್ನು ‘ಅದು ಇನ್ನೂ ಮಲಗಿಲ್ಲ’ ಎನ್ನುತ್ತಾಳೆ. ಹವ್ಯಕ ಕನ್ನಡದಲ್ಲಿ ಸ್ತ್ರೀಯರನ್ನು ಕುರಿತೂ ನಪುಂಸಕ ರೂಪಗಳು ಬಳಕೆಯಲ್ಲಿವೆ. ಆದ್ದರಿಂದ ‘ಅದು’ ಎಂದಾಕ್ಷಣ ಪ್ರೀತಿಯಿಲ್ಲವೆಂದು ತೀರ್ಮಾನಿಸಲಾಗದು. ಮುಖ್ಯವಾದುದು ಕಥನದೊಳಗೆ ನಡೆಯುವ ಪಲ್ಲಟ: ಯಾವ ಘಟನೆಯ ಬಳಿಕ ‘ಅದು’ ‘ಅವಳು’ ಆಯಿತು, ಯಾವ ಮಾತಿನಲ್ಲಿ ಮತ್ತೆ ‘ಅದು’ವಿಗೆ ಮರಳಿತು ಎಂಬುದು. ಪ್ರಾಣಿಯನ್ನು ಮಾರಿದ ಪ್ರಸಂಗ ಹೇಳುವಾಗ ‘ಅವಳು’ ಎಂಬುದು ‘ಅದು’ ಆಗಿಬಿಟ್ಟರೆ ಆ ಪಲ್ಲಟದಲ್ಲಿ ನಿರೂಪಕರ ಸಂಕಟವಿದೆ.

4. ಆತಕೂರಿನ ಕಾಳಿ

ಸಾಕಿದ ಪ್ರಾಣಿಯ ಕಥನಕ್ಕೆ ಕನ್ನಡದಲ್ಲಿ ಲಿಖಿತ ರೂಪ ದೊರೆತದ್ದು ಬಹಳ ಹಿಂದೆ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿದ್ದು, ಬಳಿಕ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ವೀರಗಲ್ಲು ಶಕ 872ರದು, ಎಂದರೆ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದು, ಕೃಷ್ಣನು ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟದ್ದು ಈ ಶಾಸನದಲ್ಲಿವೆ. ಚರಿತ್ರಕಾರರು ಅದನ್ನು ಹೆಚ್ಚಾಗಿ ಬಳಸಿಕೊಂಡದ್ದು ಈ ಕಾರಣಕ್ಕೆ.

ಆದರೆ ಕಲ್ಲು ನಿಂತದ್ದು ಆ ಯುದ್ಧಕ್ಕಾಗಿ ಅಲ್ಲ. ಬೂತುಗನ ವೀರ ಮಣಲೆರನ ಪರಾಕ್ರಮವನ್ನು ಒಡೆಯನು ಮೆಚ್ಚಿ ಬೇಕಾದುದನ್ನು ಬೇಡಿಕೊ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕೆಳಲೆನಾಡಿನ ಬೆಳತೂರಿನ ಪಶ್ಚಿಮಕ್ಕಿದ್ದ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಟ್ಟು, ಅದರ ಪೂಜೆಗೆ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಶಾಪಾಶಯವೂ ಇದೆ. ಕಲ್ಲಿನ ಮೇಲಿರುವ ಶಿಲ್ಪ ನಾಯಿಹಂದಿಗಳ ಕಾಳಗದ್ದು.

ಮನೆಯ ಕಥನದ ಹಂತಗಳು ಇಲ್ಲಿಯೂ ಇವೆ. ನಾಯಿ ಬಂದ ಬಗೆ, ಹೆಸರು, ಗುಣವನ್ನು ತೋರುವ ಒಂದು ಘಟನೆ, ಸಾವು ಎಲ್ಲವೂ ಬಂದಿವೆ. ಚೇಷ್ಟೆಯೊಂದು ಬಿಟ್ಟುಹೋಗಿದೆ, ವೀರಗಲ್ಲಿಗೆ ಅದು ಸಲ್ಲದು. ಕ್ರಿಯಾಪದದಲ್ಲಿ ಕಾಳಿ ನಪುಂಸಕವಾಗಿಯೇ ಉಳಿದಿದೆ. ಹಂದಿಗೂ ನಾಯಿಗೂ ಒಂದೇ ಕ್ರಿಯಾರೂಪ. ವ್ಯಾಕರಣ ಕೊಡದ ಗೌರವವನ್ನು ಕಲ್ಲು, ಭೂಮಿ, ಪೂಜೆಗಳು ಕೊಟ್ಟಿವೆ. ಇದು ಸಾಧ್ಯವಾದದ್ದು ಶೋಕಿಸಿದವನು ಮಣಲೆರನಾದ್ದರಿಂದ. ಅವನಿಗೆ ಕಲ್ಲು ನೆಡಿಸುವ ಅಧಿಕಾರವಿತ್ತು, ಮಣ್ಣು ಬಿಡಿಸುವ ಸಾಮರ್ಥ್ಯವಿತ್ತು, ಗೊರವನಿಗೆ ಕಟ್ಟಳೆ ವಿಧಿಸುವ ಸ್ಥಾನವಿತ್ತು.

5. ಕಲ್ಲು ನಿಲ್ಲದ ಪ್ರಾಣಿಗಳು

ಹಾಗಾದರೆ ಕಲ್ಲು ನೆಡಿಸಲಾಗದವರ ಪ್ರಾಣಿಗಳ ಗತಿಯೇನು? ಇಪ್ಪತ್ತನೆಯ ಶತಮಾನದ ಕನ್ನಡ ಕಾದಂಬರಿ ಈ ಪ್ರಶ್ನೆಗೆ ಎದುರಾಗಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಚೋಮನಿಗೆ ಒಂದು ಜೊತೆ ಎತ್ತುಗಳಿವೆ, ಬಾಡು ಎಂಬ ನಾಯಿಯಿದೆ, ಉಳಲು ಭೂಮಿಯಿಲ್ಲ. ಹೊಲೆಯನು ಬೇಸಾಯಗಾರನಾಗಬಾರದೆಂಬ ಊರಿನ ಕಟ್ಟಳೆಯಿಂದಾಗಿ ಆ ಎತ್ತುಗಳು ಗೇಯುವ ಪ್ರಾಣಿಗಳೂ ಆಗಲಾರದೆ, ಮಾರಾಟದ ಸರಕೂ ಆಗಲಾರದೆ ಅವನ ಆಸೆಯ ರೂಪವಾಗಿ ಉಳಿಯುತ್ತವೆ. ಕೊನೆಗೆ ಎತ್ತುಗಳನ್ನು ಅಟ್ಟಿ, ನೇಗಿಲು ಮುರಿದು ಅವನು ದುಡಿಯ ಮುಂದೆ ಪ್ರಾಣ ಬಿಡುತ್ತಾನೆ. ಎತ್ತುಗಳ ಅಗಲಿಕೆ ಇಲ್ಲಿ ಋಣ ತೀರಿದ ಸಮಾಧಾನದ ಮುಕ್ತಾಯವಲ್ಲ. ಪ್ರಾಣಿಯನ್ನು ಸಾಕುವ ಹಕ್ಕು ಭೂಮಿಯ ಹಕ್ಕಿನೊಡನೆ ಬೆಸೆದುಕೊಂಡಿರುವುದರ ಕ್ರೂರ ನಿರೂಪಣೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇನ್ನೊಂದು ಬಗೆಯದು. ಜೀತದಾಳು ಗುತ್ತಿಯೊಡನೆ ಅವನ ನಾಯಿ ಹುಲಿಯ ಸದಾ ಇರುತ್ತದೆ. ಊರವರ ಬಾಯಲ್ಲಿ ಅವನು ‘ನಾಯಿಗುತ್ತಿ’. ಮನುಷ್ಯ ನಾಯಿಗೆ ಹೆಸರಿಟ್ಟರೆ ಇಲ್ಲಿ ನಾಯಿ ಮನುಷ್ಯನಿಗೆ ಹೆಸರು ಕೊಟ್ಟಿದೆ. ಊರವರು ಕೀಳಾಗಿ ಇಟ್ಟ ಅಡ್ಡಹೆಸರು ಕಾದಂಬರಿಯಲ್ಲಿ ಇಬ್ಬರ ಒಡನಾಟದ ಗುರುತಾಗುತ್ತದೆ. ಕಾದಂಬರಿಯ ಕೊನೆಯಲ್ಲಿ ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಕಾಳಿಯ ಸಾವಿಗೆ ಹತ್ತನೆಯ ಶತಮಾನದ ಕಲ್ಲು ಏನಾಯಿತೋ ಹುಲಿಯನ ಸಾವಿಗೆ ಆ ಪುಟಗಳು ಅದೇ ಆಗಿವೆ ಎನ್ನಬಹುದು. ವ್ಯತ್ಯಾಸವಿಷ್ಟೆ: ಅಲ್ಲಿ ಒಡೆಯನ ವೀರನೇ ಕಲ್ಲು ನೆಡಿಸಿದ, ಇಲ್ಲಿ ಗುತ್ತಿಯ ದುಃಖವನ್ನು ಮತ್ತೊಬ್ಬರು ಬರೆಯಬೇಕಾಯಿತು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುವಾಗ ಈ ದೂರ ಕಡಿಮೆಯಾಗುತ್ತದೆ. ಹುಂಜ ಅವಳಿಗೆ ಬಾಳಿನ ಆಸರೆಯೂ ಹೌದು, ಕಕ್ಕುಲತೆಯ ಜೀವವೂ ಹೌದು. ಈ ಎರಡನ್ನೂ ಬಿಡಿಸಿ ನೋಡಲಾಗದಂತೆ ಅವಳ ಆಡುಮಾತೇ ಹಿಡಿದಿಡುತ್ತದೆ.

6. ತಿಳಿವಳಿಕೆಯ ಪ್ರಶ್ನೆ

ಪ್ರಾಣಿಯ ಮನಸ್ಸನ್ನು ಸಾಕಿದವರು ನಿಜವಾಗಿ ಅರಿಯಬಲ್ಲರೆ? ಜನ್ನನ ‘ಯಶೋಧರ ಚರಿತೆ’ (1209) ಇದಕ್ಕೆ ಭಯಾನಕವಾದ ಉತ್ತರ ಕೊಡುತ್ತದೆ. ಅರಮನೆಯ ನವಿಲು ತನ್ನ ತಂದೆ, ನಾಯಿ ತನ್ನ ಅಜ್ಜಿ ಎಂಬುದು ಯಶೋಮತಿಗೆ ತಿಳಿಯದು. ಬಂಧುತ್ವ ಅಲ್ಲಿ ಉಪಮೆಯಲ್ಲ, ವಾಸ್ತವ. ಆದರೂ ಅದು ಸಾಕಿದವನ ಅರಿವಿಗೆ ಬಾರದು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅದೇ ಸಂದೇಹವನ್ನು ನಗೆಯ ನೆಲೆಗೆ ತಂದರು. ‘ನಮ್ಮ ಎಮ್ಮೆಗೆ ಮಾತು ತಿಳಿಯುವುದೆ?’ ಎಂಬ ಶೀರ್ಷಿಕೆಯೇ ಮನೆಯ ಕಥನದ ಕೇಂದ್ರಪ್ರಶ್ನೆ. ಅಲ್ಲಿನ ‘ನಮ್ಮ’ ಎಂಬ ಪದವನ್ನು ತೆಗೆದರೆ ಪ್ರಶ್ನೆ ಪ್ರಾಣಿಶಾಸ್ತ್ರದ್ದಾಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮತ್ತು ‘ಪರಿಸರದ ಕತೆ’ಗಳಲ್ಲಿ (1991) ಬರುವ ‘ಕಿವಿ’ ಎಂಬ ನಾಯಿಯಾದರೋ ಸ್ವಾಮಿಭಕ್ತಿಯ ಆದರ್ಶಕ್ಕೆ ಒಳಪಡುವುದಿಲ್ಲ. ಅದಕ್ಕೆ ತನ್ನದೇ ಹುಚ್ಚು, ತನ್ನದೇ ಅವಸರಗಳಿವೆ. ಅನೇಕ ವೇಳೆ ನಗೆಪಾಟಲಾಗುವುದು ನಿರೂಪಕ. ಮಾನವೀಕರಿಸದೆಯೂ ಅಕ್ಕರೆ ತೋರಬಹುದೆಂಬುದಕ್ಕೆ ಇದು ನಿದರ್ಶನ.

7. ಸಮಾರೋಪ

ಈ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಾಕುಪ್ರಾಣಿಯ ಕಥನ ಕೇವಲ ಭಾವುಕತೆಯಲ್ಲ. ಒಂದು ಜೀವವನ್ನು ‘ಅದು’ವಿನಿಂದ ಎತ್ತಿ ‘ಅವನು’, ‘ಅವಳು’ ಆಗಿಸುವ ಭಾಷಿಕ ಕ್ರಿಯೆ. ಎರಡನೆಯದಾಗಿ, ಆ ಕ್ರಿಯೆಗೆ ಸಾರ್ವಜನಿಕ ಮನ್ನಣೆ ದೊರೆಯುವುದು ಹೇಳುವವರ ಸ್ಥಾನವನ್ನು ಅವಲಂಬಿಸಿದೆ. ಮಣಲೆರನ ನಾಯಿ ಶಾಸನವಾಯಿತು. ಕೂಲಿಯ ಹೆಣ್ಣುಮಗಳೊಬ್ಬಳು ತನ್ನ ಮೇಕೆಯನ್ನು ಕುರಿತು ಹೇಳುವುದು ಇಂದಿಗೂ ಹರಟೆಯೆಂದೇ ಎಣಿಕೆಯಾಗುತ್ತಿದೆ.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ತೊಡಗುವವರು ಇವನ್ನು ಸಂಗ್ರಹಿಸುವಾಗ ನಿರೂಪಕರ ಲಿಂಗಪ್ರಯೋಗ, ಕ್ರಿಯಾಪದ, ಬಂಧುವಾಚಕಗಳನ್ನು ಇದ್ದಂತೆಯೇ ಬರೆದುಕೊಳ್ಳಬೇಕು. ಮೇಕೆಯನ್ನು ‘ಅವಳು ಊಟ ಮಾಡಲಿಲ್ಲ’ ಎಂದು ಹೇಳಿದ ಮಾತನ್ನು ಲಿಪ್ಯಂತರದಲ್ಲಿ ‘ಅದು ತಿನ್ನಲಿಲ್ಲ’ ಎಂದು ತಿದ್ದಿದರೆ ವ್ಯಾಕರಣ ಸರಿಹೋಗುತ್ತದೆ; ಕಥೆ ಇಲ್ಲವಾಗುತ್ತದೆ.