ಎಲೆ ಆಡಿದ್ರೆ ಕೇಸು, ಎಲೆ ಆಡಿದ್ರೆ ಪದಕ: ಬ್ರಿಡ್ಜ್ ಫೆಡರೇಶನ್ ಏನ್ ಮಾಡುತ್ತೆ?

ಈ ಸಲದ ವಿಷಯ ಬ್ರಿಡ್ಜ್. ಮದ್ದೂರಲ್ಲಿ ಶಿಂಷಾ ಹೊಳೆ ಮೇಲಿರೋ ಬ್ರಿಡ್ಜ್ ಅಲ್ಲ. ಇಸ್ಪೀಟ್ ಎಲೆಯಲ್ಲಿ ಆಡೋ ಬ್ರಿಡ್ಜ್.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಎಲೆ ಅಂದ್ರೆ ಎರಡೇ ನೆನಪು. ಒಂದು, ಯುಗಾದಿ ಮಾರನೇ ದಿನದ ಹೊಸತೊಡಕು: ಬಾಡೂಟ ಮುಗಿಸಿ ಅರಳಿಕಟ್ಟೆ ಮೇಲೆ ಕೂತ್ಕೊಳ್ಳೋದು. ಇನ್ನೊಂದು, ಪೇಪರ್‌ನ ಜಿಲ್ಲಾ ಪುಟದಲ್ಲಿ ಬರೋ ಸುದ್ದಿ: ಜೂಜು ಅಡ್ಡೆ ಮೇಲೆ ದಾಳಿ, ಇಷ್ಟು ಜನ ವಶಕ್ಕೆ, ಪಣಕ್ಕಿಟ್ಟಿದ್ದ ಇಷ್ಟು ಹಣ ಜಪ್ತಿ. ಹಾಗಾಗಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎಲೆ ಆಟಕ್ಕೆ ಭಾರತಕ್ಕೆ ಚಿನ್ನ ಬಂತು ಅಂದಾಗ ನಮ್ಮ ಮಳವಳ್ಳಿ ದೊಡ್ಡಪ್ಪ ನಂಬ್ಲಿಲ್ಲ. "ಎಲೆ ಹಿಡ್ಕಂಡು ಕುಂತೋರ್ಗೆ ಪದ್ಕ ಕೊಟ್ರೇನ್ಲಾ? ಹಂಗಾದ್ರೆ ನಮ್ಮೂರೋರ್ನ ಯಾಕ್ಲಾ ಹಿಡ್ಕಂಡೋಯ್ತಾರೆ?"

ನಗು ಬಂದ್ರೂ ಪ್ರಶ್ನೆ ಸರಿಯಾಗೇ ಇದೆ. ಉತ್ತರ ಹುಡುಕ್ತಾ ಹೋದ್ರೆ ಸಿಗೋದು ಬ್ರಿಡ್ಜ್ ಫೆಡರೇಶನ್ ಆಫ್ ಇಂಡಿಯಾ, ಚಿಕ್ಕದಾಗಿ ಬಿಎಫ್‌ಐ.

ಮೊದಲು ಆ ಚಿನ್ನದ ಕಥೆ. ಬಂಗಾಳದ ಪ್ರಣಬ್ ಬರ್ಧನ್‌ಗೆ ಆಗ 60 ವರ್ಷ, ಜೊತೆಗಾರ ಶಿಬನಾಥ್ ಸರ್ಕಾರ್‌ಗೆ 56. ಪುರುಷರ ಜೋಡಿ ವಿಭಾಗದಲ್ಲಿ ಇವರದು 384 ಪಾಯಿಂಟ್, ಎರಡನೇ ಸ್ಥಾನದ ಚೀನಾ ಜೋಡಿದು 378. ಬ್ರಿಡ್ಜ್ ಏಷ್ಯನ್ ಗೇಮ್ಸ್‌ಗೆ ಬಂದಿದ್ದೇ ಆ ಸಲ ಮೊದಲು. 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಪುರುಷರ ತಂಡ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ಗೆ ಸೋತು ಬೆಳ್ಳಿ ತಂತು.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಎಕ್ಕ, ರಾಜ, ರಾಣಿ ಯಾರ ಕೈಗೆ ಬೀಳುತ್ತೋ ಅವರು ಗೆಲ್ತಾರೆ, ಅದು ಅದೃಷ್ಟ ತಾನೇ? ಅರಳಿಕಟ್ಟೆ ಮೇಲೆ ಹೌದು. ಟೂರ್ನಿಯಲ್ಲಿ ಅಲ್ಲ. ಯಾಕೆ ಅನ್ನೋಕೆ ನಮ್ಮ ಪಿಯುಸಿ ಪರೀಕ್ಷೆ ನೆನಪಿಸ್ಕೊಳ್ಳಿ. ಮಂಡ್ಯ ಸೆಂಟರ್ ಆಗ್ಲಿ, ಮದ್ದೂರು ಸೆಂಟರ್ ಆಗ್ಲಿ, ಮಳವಳ್ಳಿ ಆಗ್ಲಿ, ಪ್ರಶ್ನೆಪತ್ರಿಕೆ ಒಂದೇ. ಪೇಪರ್ ಕಷ್ಟ ಇದ್ರೆ ಎಲ್ಲರಿಗೂ ಕಷ್ಟ. ಟೂರ್ನಿ ಬ್ರಿಡ್ಜ್ ಕೂಡ ಹಾಗೇ.

ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಒಬ್ಬೊಬ್ಬರಿಗೆ 13 ಎಲೆ. ಮೊದಲು ಹರಾಜಿನ ಥರ ಕೂಗೋದು: ಯಾವುದು ತುರುಪು, ನಮ್ಮ ಜೋಡಿ ಎಷ್ಟು ಟ್ರಿಕ್ ಗೆಲ್ಲುತ್ತೆ ಅಂತ. ಆಮೇಲೆ ಆಡಿ ತೋರಿಸಬೇಕು. ಆಡುವಾಗ ಎಲೆಗಳನ್ನ ನಡುವೆ ಎಸೆಯೋ ಹಾಗಿಲ್ಲ, ಪ್ರತಿಯೊಬ್ಬರೂ ತಮ್ಮ ಎಲೆ ತಮ್ಮ ಮುಂದೇನೇ ಇಟ್ಕೋಬೇಕು. ಆಟ ಮುಗಿದ್ಮೇಲೆ ನಾಲ್ಕೂ ಜನರ ಎಲೆ ನಾಲ್ಕು ಖಾನೆ ಇರೋ ಒಂದು ತಟ್ಟೆಗೆ ಹಾಗೇ ವಾಪಸ್. ಅದರ ಹೆಸರು ಬೋರ್ಡ್. ಬೋರ್ಡ್ ಪಕ್ಕದ ಟೇಬಲ್‌ಗೆ ಹೋಗುತ್ತೆ, ಅಲ್ಲಿಯವರು ಅದೇ ಎಲೆಗಳನ್ನ ಆಡ್ತಾರೆ.

ತಂಡದ ಆಟದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಒಂದು ಟೇಬಲ್‌ನಲ್ಲಿ ನಮ್ಮ ಜೋಡಿ ಉತ್ತರ-ದಕ್ಷಿಣ ಕೂತಿರುತ್ತೆ. ಇನ್ನೊಂದು ಟೇಬಲ್‌ನಲ್ಲಿ ನಮ್ಮದೇ ತಂಡದ ಇನ್ನೊಂದು ಜೋಡಿ ಪೂರ್ವ-ಪಶ್ಚಿಮ. ಉತ್ತರ-ದಕ್ಷಿಣಕ್ಕೆ ಒಳ್ಳೆ ಎಲೆ ಬಿದ್ದಿದೆ, ಇಸ್ಪೀಟ್ ತುರುಪಲ್ಲಿ 10 ಟ್ರಿಕ್ ಅಂತ ಕೂಗಿ ನಾವು 10 ಗೆದ್ವಿ ಅನ್ಕೊಳ್ಳಿ. ಸಾಮಾನ್ಯವಾಗಿ ಅದಕ್ಕೆ 420. ಆ ಟೇಬಲ್‌ನಲ್ಲಿ ಎದುರಾಳಿಗಳು ಅದೇ ಎಲೆ ಹಿಡಿದು, ಅದನ್ನೇ ಕೂಗಿ 9 ಮಾತ್ರ ಗೆದ್ರು. ಒಂದು ಕಮ್ಮಿ ಆಗಿದ್ದಕ್ಕೆ ನಮ್ಮವರಿಗೆ 50. ಒಟ್ಟು 470, ಮ್ಯಾಚ್ ಲೆಕ್ಕದಲ್ಲಿ 10 ಪಾಯಿಂಟ್. ಇಬ್ಬರೂ 10 ಗೆದ್ದಿದ್ರೆ? ಸೊನ್ನೆ. ಎಲೆ ಎಷ್ಟೇ ಚೆನ್ನಾಗಿದ್ರೂ ಸೊನ್ನೆ. ಬಿಕಾಂ ಓದಿದವನಿಗೆ ಈ ಲೆಕ್ಕ ನೋಡಿದ್ರೆ ಖುಷಿ ಆಗುತ್ತೆ, ಕ್ಷಮಿಸಿ.

ಈ ವ್ಯವಸ್ಥೆ ತಾನಾಗೇ ನಡೆಯಲ್ಲ. ಎಲೆ ಹಂಚೋಕೆ, ರೂಲ್ ಹೇಳೋಕೆ, ತಕರಾರು ಬಂದ್ರೆ ತೀರ್ಮಾನ ಕೊಡೋಕೆ ಯಾರೋ ಬೇಕು. ಜಗತ್ತಿನ ಮಟ್ಟದಲ್ಲಿ ಅದು ವರ್ಲ್ಡ್ ಬ್ರಿಡ್ಜ್ ಫೆಡರೇಶನ್. ಹುಟ್ಟಿದ್ದು 1958ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಾನ್ಯತೆ ಸಿಕ್ಕಿದ್ದು 1999ರಲ್ಲಿ. ನಮ್ಮ ದೇಶದಲ್ಲಿ ಅದರ ಸದಸ್ಯ ಸಂಸ್ಥೆ ಬಿಎಫ್‌ಐ. ಕೇಂದ್ರ ಕ್ರೀಡಾ ಸಚಿವಾಲಯ ಮಾನ್ಯತೆ ಕೊಟ್ಟ ರಾಷ್ಟ್ರೀಯ ಒಕ್ಕೂಟಗಳಲ್ಲಿ ಇದೂ ಒಂದು. ಅದರ ಕೆಳಗೆ ರಾಜ್ಯ ಸಂಸ್ಥೆಗಳು, ನಮ್ಮದು ಕರ್ನಾಟಕ ಸ್ಟೇಟ್ ಬ್ರಿಡ್ಜ್ ಅಸೋಸಿಯೇಷನ್. ವಿಂಟರ್ ನ್ಯಾಷನಲ್ಸ್, ಸಮ್ಮರ್ ನ್ಯಾಷನಲ್ಸ್ ನಡೆಸೋದು, ಆಯ್ಕೆ ಟ್ರಯಲ್ಸ್ ಮಾಡಿ ದೇಶದ ತಂಡ ಕಳಿಸೋದು ಬಿಎಫ್‌ಐ ಕೆಲಸ. ಒಂದು ತಮಾಷೆ ನೋಡಿ: 2011ರ ಕ್ರೀಡಾ ಸಂಹಿತೆ ಪ್ರಕಾರ ಒಕ್ಕೂಟದ ಪದಾಧಿಕಾರಿಗಳಿಗೆ 70 ವರ್ಷದ ಮಿತಿ ಇತ್ತು. ಆದ್ರೆ 2018ರಲ್ಲಿ ಭಾರತಕ್ಕೆ ಆಡಿದ ರೀಟಾ ಚೋಕ್ಸಿ ಅವರಿಗೆ 79.

ಶಿಕ್ಷೆ ಕೊಡೋದೂ ಇಂಥ ಸಂಸ್ಥೆಗಳ ಕೆಲಸವೇ. ಬ್ರಿಡ್ಜ್‌ನಲ್ಲಿ ಜೊತೆಗಾರನಿಗೆ ಗುಟ್ಟಾಗಿ ಸನ್ನೆ ಮಾಡೋದು ದೊಡ್ಡ ಅಪರಾಧ, ಕೆಮ್ಮಿದ್ರೂ ಅನುಮಾನ. ಅದಕ್ಕೇ ದೊಡ್ಡ ಟೂರ್ನಿಗಳಲ್ಲಿ ಜೊತೆಗಾರರ ನಡುವೆ ಅಡ್ಡ ಪರದೆ ಇಡ್ತಾರೆ, ಬಾಯಲ್ಲಿ ಕೂಗೋ ಬದಲು ಕಾರ್ಡ್ ಇಡ್ತಾರೆ. ಆದ್ರೂ 2015ರಲ್ಲಿ ಇಸ್ರೇಲ್‌ನ ಲೋತಾನ್ ಫಿಶರ್, ರಾನ್ ಶ್ವಾರ್ಟ್ಜ್ ಜೋಡಿ ಸಿಕ್ಕಿಬಿತ್ತು. ಬೋರ್ಡ್ ತಟ್ಟೆಯನ್ನ ಟೇಬಲ್ ಮೇಲೆ ಯಾವ ಜಾಗದಲ್ಲಿ ಇಡ್ತಾರೆ ಅನ್ನೋದೇ ಸಂಕೇತ ಆಗಿತ್ತು. ವಿಡಿಯೋ ನೋಡಿ ನೋಡಿ ಬೇರೆ ಆಟಗಾರರು ಪತ್ತೆ ಹಚ್ಚಿದ್ರು. ಅದೇ ವರ್ಷ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದು ಪಕ್ಕದ ಚೆನ್ನೈನಲ್ಲಿ, ಅಲ್ಲಿಂದ ಇಸ್ರೇಲ್ ತಂಡ ಹಿಂದೆ ಸರೀತು. ಇನ್ನೊಂದು ಕೇಳಿ: ಆಗ ವಿಶ್ವದ ನಂಬರ್ ಒನ್ ಆಗಿದ್ದ ಗೈರ್ ಹೆಲ್ಗೆಮೋ 2018ರಲ್ಲಿ ಡೋಪಿಂಗ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದು, 2019ರ ನವೆಂಬರ್‌ವರೆಗೆ ನಿಷೇಧ ಅನುಭವಿಸಿದ. ಕೂತು ಎಲೆ ಆಡೋಕೂ ಡೋಪ್ ಟೆಸ್ಟ್!

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ನನ್ನ ಜೊತೆ ಓದಿದ ಒಬ್ಬ ಗೆಳೆಯ ಮೊಬೈಲ್ ರಮ್ಮಿಯಲ್ಲಿ ತಂಗಿ ಮದುವೆಗೆ ಅಂತ ಎತ್ತಿಟ್ಟಿದ್ದ ದುಡ್ಡು ಕಳ್ಕೊಂಡ. ಬುದ್ಧಿ ಹೇಳೋಕೆ ಹೋದಾಗ ಅವನು ಹೇಳಿದ್ದು, "ಮಗಾ, ಇದು ಸ್ಕಿಲ್ ಗೇಮು, ಸುಪ್ರೀಂ ಕೋರ್ಟೇ ಹೇಳೈತೆ."

ಸುಳ್ಳಲ್ಲ. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಲ್ಲಿ ಸುಪ್ರೀಂ ಕೋರ್ಟ್, ರಮ್ಮಿ ಮುಖ್ಯವಾಗಿ ಕೌಶಲದ ಆಟ, ಅದರಲ್ಲಿರೋ ಅದೃಷ್ಟ ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರೋ ಅದೃಷ್ಟದಂಥದ್ದೇ ಅಂತ ಹೇಳಿತ್ತು. ಮೂರು ಎಲೆ ಆಟ ಪೂರ್ತಿ ಅದೃಷ್ಟ ಅಂದಿತ್ತು. ಆದ್ರೆ ಅದೇ ತೀರ್ಪಲ್ಲಿ ಇನ್ನೊಂದು ಮಾತಿದೆ: ಆಟ ನಡೆಸೋರು ಆಟದಿಂದ ಲಾಭ ಮಾಡ್ಕೊಳ್ತಿದ್ರೆ ಅದು ಅಪರಾಧ ಆಗಬಹುದು. ಆ್ಯಪ್ ಜಾಹೀರಾತಲ್ಲಿ ಆ ಸಾಲು ಯಾರೂ ಹಾಕಲ್ಲ.

ನನ್ನ ಪ್ರಕಾರ ವ್ಯತ್ಯಾಸ ಇರೋದು ಇಲ್ಲೇ. ರಮ್ಮಿ ಆ್ಯಪಲ್ಲಿ ನಿನಗೆ ಬಿದ್ದ ಎಲೆ ನಿನಗೆ ಮಾತ್ರ. ಅದೇ ಎಲೆಯಲ್ಲಿ ಇನ್ನೊಬ್ಬ ಏನ್ ಮಾಡ್ತಿದ್ದ ಅಂತ ಹೋಲಿಸಿ ನೋಡೋಕೆ ದಾರಿ ಇಲ್ಲ. ಸೋತಿದ್ದು ಎಲೆಯಿಂದಲೋ, ಆಡಿದ ರೀತಿಯಿಂದಲೋ ಗೊತ್ತಾಗಲ್ಲ, ಅದಕ್ಕೇ "ಇನ್ನೊಂದು ಆಟ" ಅಂತ ಕೈ ಹೋಗುತ್ತೆ. ಬ್ರಿಡ್ಜ್ ಟೂರ್ನಿಗೂ ಎಂಟ್ರಿ ಫೀ ಇದೆ, ಕೆಲವು ಕಡೆ ಬಹುಮಾನದ ಹಣವೂ ಇದೆ. ಆದ್ರೆ ಆಟ ಆಟಕ್ಕೂ ಪಣ ಇಲ್ಲ, ಮತ್ತೆ ಕೊನೆಗೆ ಸಿಗೋ ಸ್ಕೋರ್ ಶೀಟ್ ಎಲ್ಲಿ ತಪ್ಪಿದೆ ಅಂತ ಮುಖಕ್ಕೇ ಹೇಳುತ್ತೆ.

2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಸ್ಕಿಲ್ ಇರ್ಲಿ ಅದೃಷ್ಟ ಇರ್ಲಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟನ ನಿಷೇಧಿಸಿತು. ಗೆಳೆಯನ ದುಡ್ಡು ಅಷ್ಟೊತ್ತಿಗೆ ಹೋಗಿತ್ತು.

ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ನಾನು ಬ್ರಿಡ್ಜ್ ಟೇಬಲ್ ನೋಡಿಲ್ಲ. ಹಾಗಾಗಿ ಹೋದ ಹೊಸತೊಡಕಿಗೆ ನಾವೇ ಮಾಡ್ಕೊಂಡ್ವಿ. ಎರಡು ಚಾಪೆ, ಎಂಟು ಜನ, ಎರಡು ಕಟ್ಟು ಎಲೆ. ಬೋರ್ಡ್ ಬದಲು ಹಳೇ ಮದುವೆ ಕಾರ್ಡಿನ ಕವರ್, ಒಂದು ಆಟಕ್ಕೆ ನಾಲ್ಕು. ಕೂಗೋದು ಪೂರ್ತಿ ಬರಲ್ಲ ಅಂತ ತುರುಪು ಮೊದಲೇ ಗೊತ್ತು ಮಾಡ್ಕೊಂಡ್ವಿ. ದೊಡ್ಡಪ್ಪ ಒಂದು ಆಟದಲ್ಲಿ 8 ಟ್ರಿಕ್ ಗೆದ್ದು ಮೀಸೆ ತಿರುವಿದ್ರು. ಅದೇ ಕವರ್ ಪಕ್ಕದ ಚಾಪೆಗೆ ಹೋಯ್ತು. ಅಲ್ಲಿ ಅತ್ತೆ ಮಗಳು, ಪಿಯುಸಿ ಹುಡುಗಿ, ಅದೇ ಎಲೆಯಲ್ಲಿ 9 ಗೆದ್ದಳು.

ದೊಡ್ಡಪ್ಪ ಎರಡು ಸಲ ಕವರ್ ಬಿಚ್ಚಿ ಎಲೆ ಎಣಿಸಿದ್ರು.