ಕಾಣಿಸದ ನೀಲಕಂಠದ ಲೆಕ್ಕ

ಹೊಲದ ಬದಿಯ ಕರೆಂಟ್ ತಂತಿಯ ಮೇಲೆ ಕುತ್ತಿಗೆ ಹುದುಗಿಸಿ ಕೂತಾಗ ನೀಲಕಂಠ ಅಷ್ಟೇನೂ ಕಣ್ಸೆಳೆಯದ ಕಂದು ಹಕ್ಕಿ. ಮಿಡತೆಯನ್ನು ಕಂಡು ಕೆಳಗೆ ಹಾರಿತೆಂದರೆ ರೆಕ್ಕೆಯೊಳಗಿನ ತಿಳಿನೀಲಿ, ಕಡುನೀಲಿಗಳೆರಡೂ ಒಮ್ಮೆಗೇ ತೆರೆದುಕೊಳ್ಳುತ್ತವೆ. ಕರ್ನಾಟಕದ ರಾಜ್ಯಪಕ್ಷಿ ಇದು. ಎಲ್ಲೆಲ್ಲೂ ಇದೆಯಲ್ಲ ಎಂಬ ಧೈರ್ಯದಿಂದ ಇದರ ಲೆಕ್ಕ ಇಡುವ ಗೋಜಿಗೆ ಹೋದವರು ಕಡಿಮೆ. ಆದರೆ 942 ಪ್ರಭೇದಗಳನ್ನು ಪರಿಶೀಲಿಸಿದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ, ನೀಲಕಂಠ ವೇಗವಾಗಿ ಕಡಿಮೆಯಾಗುತ್ತಿದೆ, ಜಾಗತಿಕ ಕೆಂಪುಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದಿತು. ಈ ಮಾತಿನ ಹಿಂದೆ ಇದ್ದದ್ದು ಮೂವತ್ತು ಸಾವಿರ ಪಕ್ಷಿವೀಕ್ಷಕರು ‘ಇ-ಬರ್ಡ್’ ಜಾಲತಾಣಕ್ಕೆ ಸೇರಿಸಿದ ಸುಮಾರು 3 ಕೋಟಿ ದಾಖಲೆಗಳು. ಇಷ್ಟೊಂದು ಹೊಲ, ಕೆರೆ, ಗೋಮಾಳಗಳನ್ನು ವರ್ಷವಿಡೀ ಗಮನಿಸುವಷ್ಟು ಸಿಬ್ಬಂದಿ ಯಾವ ಇಲಾಖೆಯಲ್ಲೂ ಇಲ್ಲ.

ಹಾಗಂತ ಎಲ್ಲ ದಾಖಲೆಗೂ ಒಂದೇ ತೂಕವಿಲ್ಲ. ಅಪರೂಪದ ಹಕ್ಕಿಯ ಚೆಂದದ ಫೋಟೊ ಆ ಹಕ್ಕಿ ಅಲ್ಲಿತ್ತು ಎಂದಷ್ಟೇ ಹೇಳುತ್ತದೆ. ಹದಿನೈದು ನಿಮಿಷ ಕೆರೆ ಏರಿಯ ಮೇಲೆ ನಡೆದು, ಗುರುತು ಸಿಕ್ಕ ಕಾಗೆ, ಗೊರವಂಕ, ಪಿಕಳಾರ, ಬೆಳ್ಳಕ್ಕಿಗಳನ್ನೆಲ್ಲ ಒಂದೂ ಬಿಡದೆ ಬರೆದ ಪಟ್ಟಿ ಇನ್ನೂ ಒಂದು ಸಂಗತಿ ಹೇಳುತ್ತದೆ: ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ಆ ನೋಟಕ್ಕೆ ಸಿಗಲಿಲ್ಲ. ಹಿಂದೆ ನೂರು ಪಟ್ಟಿಗಳಲ್ಲಿ ನಲವತ್ತರಲ್ಲಿ ಕಾಣುತ್ತಿದ್ದ ಹಕ್ಕಿ ಈಗ ಇಪ್ಪತ್ತರಲ್ಲಿ ಮಾತ್ರ ಕಂಡರೆ, ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. ‘ಕಾಗೆಯನ್ನೇನು ಬರೆಯುವುದು’ ಎಂದು ಕೈಬಿಟ್ಟ ಪಟ್ಟಿಯಿಂದ ಕಾಗೆಯ ಬಗ್ಗೆ ಈ ಲೆಕ್ಕ ಹುಟ್ಟುವುದೇ ಇಲ್ಲ. ನನ್ನ ಮಟ್ಟಿಗೆ ಪಕ್ಷಿವೀಕ್ಷಕರ ದೊಡ್ಡ ಕೊಡುಗೆ ಇರುವುದು ಈ ಸಾಧಾರಣ ಪಟ್ಟಿಯಲ್ಲೇ.

ಹವ್ಯಾಸಿಗಳ ಗುರುತಿಸುವಿಕೆಯನ್ನು ನಂಬುವುದು ಹೇಗೆ, ಎಲ್ಲರೂ ಹೆಸರಾಂತ ಜಾಗಗಳಿಗೇ ಹೋಗುತ್ತಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಸಹಜವೆನಿಸುವ ದಾಖಲೆಗಳನ್ನು ಆಯಾ ಪ್ರದೇಶ ಬಲ್ಲ ಸ್ವಯಂಸೇವಕರು ಪರಿಶೀಲಿಸಿ, ಬರೆದವರನ್ನೇ ಕೇಳಿ ತಿದ್ದಿಸುತ್ತಾರೆ. ಅಲ್ಲೊಂದು ಇಲ್ಲೊಂದು ಉಳಿದ ತಪ್ಪು ಲಕ್ಷಾಂತರ ಪಟ್ಟಿಗಳ ನಡುವೆ ದಿಕ್ಕು ತಪ್ಪಿಸಲಾರದು. ಜಾಗದ ಅಸಮತೋಲ ಇನ್ನೂ ಗಟ್ಟಿ ಸಮಸ್ಯೆ. ಅದಕ್ಕೆ ಕೇರಳದವರು ಕಂಡುಕೊಂಡ ದಾರಿ ಇದು: 2015ರಿಂದ 2020ರವರೆಗೆ ರಾಜ್ಯವನ್ನೆಲ್ಲ ಚೌಕಗಳಾಗಿ ಹಂಚಿ, ಆರಿಸಿದ ಸುಮಾರು 4,000 ಚೌಕಗಳಲ್ಲಿ ಮಳೆಗಾಲಕ್ಕೊಮ್ಮೆ, ಒಣಗಾಲಕ್ಕೊಮ್ಮೆ ಹಕ್ಕಿ ಎಣಿಸಿದರು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು, 25,000ದಷ್ಟು ಪಟ್ಟಿ, 361 ಪ್ರಭೇದ. ರಬ್ಬರ್ ತೋಟವಿರಲಿ, ಪೇಟೆಯ ಹಿತ್ತಿಲಿರಲಿ, ಚೀಟಿ ಎತ್ತಿದಾಗ ಬಂದ ಚೌಕಕ್ಕೇ ಹೋಗಬೇಕು. ಮನರಂಜನೆಯಾಗಿದ್ದ ಹವ್ಯಾಸ ಅಲ್ಲಿ ಶಿಸ್ತಿನ ಸಮೀಕ್ಷೆಯಾಯಿತು.

ಎಣಿಸಿದ ಮಾತ್ರಕ್ಕೆ ಹಕ್ಕಿ ಉಳಿಯುತ್ತದೆಯೇ? ಇಲ್ಲ. ಆದರೆ ಎಣಿಕೆಯಿಲ್ಲದೆ ಉಳಿಸಿ ಎಂದು ವಾದಿಸುವುದೂ ಕಷ್ಟ. ಜೌಗುಪ್ರದೇಶಗಳ ರಾಮ್ಸಾರ್ ಒಪ್ಪಂದವನ್ನೇ ನೋಡಿ. ಒಂದು ಕೆರೆಯಲ್ಲಿ ವರ್ಷವರ್ಷವೂ 20,000 ನೀರುಹಕ್ಕಿಗಳು ಸೇರುತ್ತವೆ, ಇಲ್ಲವೇ ಒಂದು ಪ್ರಭೇದದ ಒಟ್ಟು ಸಂಖ್ಯೆಯ ಶೇ. 1 ಭಾಗ ಅಲ್ಲಿರುತ್ತದೆ ಎಂದು ತೋರಿಸುವುದು ಅದರ ಪಟ್ಟಿಗೆ ಸೇರುವ ಮಾನದಂಡಗಳಲ್ಲಿ ಎರಡು. ಇಂಥ ಸಂಖ್ಯೆ ಚಳಿಗಾಲದ ಬೆಳಗುಗಳಲ್ಲಿ ಏರಿಯ ಮೇಲೆ ನಿಂತವರಿಂದಲೇ ಬರಬೇಕು: ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಳತೆ ಮಾಡಿಕೊಂಡು, ಅದೇ ಅಳತೆಯಲ್ಲಿ ಇಡೀ ಹಿಂಡನ್ನು ಅಳೆಯುತ್ತಾರೆ. ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. ಎರಡೂ ಜನ ಕಟ್ಟಿ ಬಳಸಿದ ಕೆರೆಗಳು. ಇಂಥ ಕೆರೆಯ ಅಂಗಳ ಒತ್ತುವರಿಯಾದಾಗ, ಹತ್ತು ವರ್ಷದ ಜನವರಿ ಎಣಿಕೆಗಳನ್ನು ಮುಂದಿಟ್ಟು ಕೇಳುವವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಹಕ್ಕಿ ನೋಡುವವರಿಂದಲೇ ಹಕ್ಕಿಗೆ ತೊಂದರೆಯಾಗುವುದೂ ಉಂಟು. ಗೂಡಿನ ಹತ್ತಿರ ಕ್ಯಾಮೆರಾ ಹಿಡಿದು ಕಾಯುವುದು, ಕೂಗಿನ ಧ್ವನಿಮುದ್ರಣ ಹಾಕಿ ಹಕ್ಕಿಯನ್ನು ಕರೆಸುವುದು ಯಾವ ದಾಖಲೆಗೂ ಬೇಕಾಗಿಲ್ಲ. ಬೇಟೆಯ ಭಯವಿರುವ ಪ್ರಭೇದಗಳ ನಿಖರ ಜಾಗವನ್ನು ಇ-ಬರ್ಡ್ ತಾನೇ ಮರೆಮಾಡುತ್ತದೆ; ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ಎಚ್ಚರವನ್ನು ನಾವೇ ವಹಿಸಬೇಕು. ಸದ್ಯ ಕರ್ನಾಟಕದ ಪಟ್ಟಿಗಳು ಬೆಂಗಳೂರು, ಮೈಸೂರು, ಮಲೆನಾಡು, ಕರಾವಳಿಗಳಲ್ಲಿ ದಟ್ಟ; ಬಯಲುಸೀಮೆಯ ಜೋಳ, ಕಡಲೆ ಹೊಲಗಳಲ್ಲಿ ತೆಳು. ನೀಲಕಂಠ ಬದುಕುವುದು ಅಂಥ ತೆರೆದ ಹೊಲಗಳಲ್ಲಿ. ಊರ ಹೊರಗಿನ ಒಂದೇ ಬಂಡಿದಾರಿಯಲ್ಲಿ ತಿಂಗಳಿಗೊಮ್ಮೆ ಹದಿನೈದು ನಿಮಿಷ ನಡೆದು, ನೀಲಕಂಠ ಕಂಡರೂ ಕಾಣದಿದ್ದರೂ ಪಟ್ಟಿ ಬರೆಯುವ ಒಬ್ಬ ಶಿಕ್ಷಕಿ ಇಲ್ಲವೇ ರೈತ ಈಗ ಅಲ್ಲಿಗೆ ಬೇಕು.